ಮೂರನೆಯ ಮೆಲ್ಬರ್ನ್ ಕಪ್, ಬೆನ್ನ ಮೇಲೆ 58 ಕಿಲೋ: ಮಕೈಬಿ ದಿವಾಳನ್ನು ಮೀರಿಸಿದ ದೂರದೋಟದ ಕುದುರೆ ಇದೆಯೇ?

ಮೂಡಿಗೆರೆ ತೋಟಿಗ

ನಮ್ಮ ಜಿಲ್ಲೆಯಲ್ಲಿ ಕುದುರೆ ಓಟದ ಮಾತೆತ್ತಿದರೆ ಸಾಕು, ಯಾರ ಅಜ್ಜ ಬೆಂಗಳೂರಿನ ರೇಸ್‌ಕೋರ್ಸಿನಲ್ಲಿ ಎಷ್ಟು ಎಕರೆ ತೋಟ ಕಳೆದರು ಎಂಬ ಲೆಕ್ಕ ಶುರುವಾಗುತ್ತದೆ. ಹಣ ಕಟ್ಟುವ ವಿಷಯವನ್ನು ಬದಿಗಿಟ್ಟು ಬರೀ ಓಟದ ಬಗ್ಗೆ ಮಾತನಾಡುವವರು ಇಲ್ಲಿದ್ದರೆ ಬನ್ನಿ.

ಮೊನ್ನೆ ಕ್ಲಬ್ಬಿನಲ್ಲಿ ಜೋರು ವಾದ. ಸಕಲೇಶಪುರದ ಗೆಳೆಯರೊಬ್ಬರು ದೂರದೋಟಕ್ಕೆ ಯೀಟ್ಸ್‌ನನ್ನು ಮೀರಿಸಿದ ಕುದುರೆಯೇ ಹುಟ್ಟಿಲ್ಲ ಎಂದು ಮೇಜು ಗುದ್ದಿದರು. 2006ರಿಂದ 2009ರವರೆಗೆ ಸಾಲಾಗಿ ನಾಲ್ಕು ಸಲ ಇಂಗ್ಲೆಂಡಿನ ಆಸ್ಕಟ್ ಗೋಲ್ಡ್ ಕಪ್. ಸುಮಾರು 4000 ಮೀಟರ್ ಓಟ, 1807ರಿಂದ ನಡೆಯುತ್ತಿರುವುದು. ಅದಕ್ಕೆ ಮೊದಲು ನಾಲ್ಕು ಗೆದ್ದ ಕುದುರೆ ಇರಲಿಲ್ಲ. ಒಪ್ಪಿದೆ.

ಆದರೆ ಗೋಲ್ಡ್ ಕಪ್ಪಿನಲ್ಲಿ ಗೆದ್ದದ್ದಕ್ಕೆ ದಂಡವಿಲ್ಲ. ವಯಸ್ಸು, ಗಂಡು ಹೆಣ್ಣು ನೋಡಿ ಭಾರ ನಿಗದಿ, ಅಷ್ಟೇ. ಮೆಲ್ಬರ್ನ್ ಕಪ್ 3200 ಮೀಟರಿನ ಹ್ಯಾಂಡಿಕ್ಯಾಪ್ ಓಟ. ಗೆದ್ದಷ್ಟೂ ಬೆನ್ನ ಮೇಲೆ ಭಾರ ಏರಿಸುತ್ತಾರೆ. ಮಕೈಬಿ ದಿವಾ ಎಂಬ ಹೆಣ್ಣು ಕುದುರೆ 2003ರಲ್ಲಿ 51 ಕಿಲೋ ಹೊತ್ತು ಗೆದ್ದಳು. 2004ರಲ್ಲಿ 55.5 ಕಿಲೋ, ಗೆದ್ದಳು. 2005ರಲ್ಲಿ 58 ಕಿಲೋ ಹೇರಿದರು, ಆಗಲೂ ಗೆದ್ದಳು. ಎದುರಿಗೆ ಇಪ್ಪತ್ತಮೂರು ಕುದುರೆಗಳು. 1861ರಿಂದ ನಡೆಯುತ್ತಿರುವ ಓಟದಲ್ಲಿ ಮೂರು ಸಲ ಗೆದ್ದದ್ದು ಅವಳೊಬ್ಬಳೇ.

ನನ್ನ ಪ್ರಶ್ನೆ: ದೂರದೋಟದ ಕುದುರೆಯ ನಿಜವಾದ ಪರೀಕ್ಷೆ ದೂರವೋ, ಭಾರವೋ?

ಸಕಲೇಶಪುರ ಘಾಟಿ

ಮೇಜು ಗುದ್ದಿದವನು ನಾನೇ. ನಾಲ್ಕು ಮೂರಕ್ಕಿಂತ ದೊಡ್ಡದು. ಈ ಚರ್ಚೆಯ ಎಳೆ ಮುಚ್ಚಬಹುದು.

ಹೊಳೆನರಸೀಪುರದ ಲೆಕ್ಕಿಗ

ಮುಚ್ಚುವ ಮೊದಲು ಸ್ವಲ್ಪ ಲೆಕ್ಕ ಮಾಡೋಣ ಸ್ವಾಮಿ. ಬ್ರಿಟನ್ನಿನ ಹ್ಯಾಂಡಿಕ್ಯಾಪ್ ಮಾಡುವವರ ರೂಢಿಯಲ್ಲಿ ಐದು ಫರ್ಲಾಂಗಿನ ಓಟಕ್ಕೆ ಒಂದು ಕುದುರೆಯುದ್ದದ ಅಂತರವೆಂದರೆ ಮೂರು ಪೌಂಡು ಭಾರ. ಎರಡು ಮೈಲಿಯ ಓಟಕ್ಕೆ ಬಂದರೆ ಒಂದುದ್ದಕ್ಕೆ ಸುಮಾರು ಒಂದೇ ಪೌಂಡು. ಅಂದರೆ ದೂರ ಹೆಚ್ಚಿದಂತೆ ಪ್ರತಿ ಪೌಂಡೂ ಹೆಚ್ಚು ಕಾಡುತ್ತದೆ.

51ರಿಂದ 58ಕ್ಕೆ ಏಳು ಕಿಲೋ. ಪೌಂಡಿನಲ್ಲಿ ಹದಿನೈದಕ್ಕಿಂತ ಸ್ವಲ್ಪ ಹೆಚ್ಚು. ಆ ರೂಢಿಯ ಪ್ರಕಾರ 2003ರ ಮಕೈಬಿ ದಿವಾ ಮತ್ತು 2005ರ ಮಕೈಬಿ ದಿವಾ ಅಕ್ಕಪಕ್ಕ ಓಡಿದ್ದರೆ ಹಳೆಯದು ಹದಿನೈದು ಕುದುರೆಯುದ್ದ ಮುಂದಿರಬೇಕಿತ್ತು. ಹಾಗಿದ್ದೂ 2005ರಲ್ಲಿ ಒಂದೂಕಾಲು ಉದ್ದದಿಂದ ಗೆದ್ದಿತು. ಎರಡನೆಯದಾಗಿ ಬಂದ ಆನ್ ಎ ಜೂನ್ ಹೊತ್ತದ್ದು ಅದಕ್ಕಿಂತ ಕಡಿಮೆ ಭಾರ.

ತೋಟಿಗರು ಹೇಳಿದ್ದು ಸರಿ. ದೂರವೂ ಭಾರವೂ ಬೇರೆ ಬೇರೆ ಪರೀಕ್ಷೆಗಳಲ್ಲ. ಒಂದು ಇನ್ನೊಂದನ್ನು ಗುಣಿಸುತ್ತದೆ.

ಕೊಪ್ಪದ ರಾಯರು

ಕುದುರೆ ಎಷ್ಟು ಕಿಲೋ ಹೊತ್ತರೇನು, ಕೊನೆಗೆ ಸಾಲ ಹೊರುವವನು ಮನುಷ್ಯನೇ. ಇಂಥ ಜೂಜನ್ನು ಹೊಗಳಲು ಒಂದು ಎಳೆ ಬೇರೆ ಕೇಡು.

ವಕೀಲ, ಚಿಕ್ಕಮಗಳೂರು

ರಾಯರೇ, ಕುದುರೆ ಓಟ ಮುಖ್ಯವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ತಮಿಳುನಾಡು ಸರ್ಕಾರದ ವಿರುದ್ಧದ ಲಕ್ಷ್ಮಣನ್ ಪ್ರಕರಣ. ಅದನ್ನು ಮೆಚ್ಚಬೇಕೆಂದು ಕೋರ್ಟೂ ಹೇಳಿಲ್ಲ, ನಾನೂ ಹೇಳುವುದಿಲ್ಲ.

ಕೊಪ್ಪದ ರಾಯರು

ಕೌಶಲ ಕುದುರೆಯದು, ನಷ್ಟ ನಮ್ಮದು. ಅಷ್ಟು ಕೌಶಲವಿದ್ದರೆ 2023ರ ಅಕ್ಟೋಬರಿನಲ್ಲಿ ಕಟ್ಟಿದ ಪೂರ್ತಿ ಮೊತ್ತದ ಮೇಲೆ ಶೇ 28 ಜಿಎಸ್‌ಟಿ ಏಕೆ ಹಾಕಿದರು?

ಮೂಡಿಗೆರೆ ತೋಟಿಗ

ಮೊದಲ ಸಾಲಿನಲ್ಲೇ ಕೈ ಮುಗಿದು ಕೇಳಿಕೊಂಡಿದ್ದೆ. ಹಣದ ಮಾತು ಬೇಡ ಮಾರಾಯರೇ.

ಹಾಸನದ ಪಶುವೈದ್ಯೆ

ಪ್ರಶ್ನೆ ಚೆನ್ನಾಗಿದೆ, ಆದರೆ ಎಲ್ಲರೂ ಕಾಲು ಮತ್ತು ಬೆನ್ನಿನ ಬಗ್ಗೆಯೇ ಮಾತನಾಡುತ್ತಿದ್ದೀರಿ. ದೂರದೋಟ ನಡೆಯುವುದು ಒಳಗೆ.

ಕುದುರೆ ಸುಮ್ಮನೆ ನಿಂತಿರುವಾಗ ಕೆಂಪು ರಕ್ತಕಣಗಳ ದೊಡ್ಡ ದಾಸ್ತಾನು ಗುಲ್ಮದಲ್ಲಿ (ಸ್ಪ್ಲೀನ್) ಇರುತ್ತದೆ. ನಾಗಾಲೋಟ ಶುರುವಾದೊಡನೆ ಗುಲ್ಮ ಹಿಂಡಿಕೊಂಡು ಅದನ್ನೆಲ್ಲ ರಕ್ತಕ್ಕೆ ಬಿಡುತ್ತದೆ. ರಕ್ತದಲ್ಲಿ ಕೆಂಪುಕಣಗಳ ಪಾಲು ಶೇ 40ರ ಆಸುಪಾಸಿನಿಂದ ಶೇ 60ರ ಮೇಲಕ್ಕೆ ಏರುತ್ತದೆ. ಮನುಷ್ಯ ಕ್ರೀಡಾಪಟು ಹೊರಗಿನಿಂದ ರಕ್ತ ಏರಿಸಿಕೊಂಡು ಕಳ್ಳತನದಲ್ಲಿ ಮಾಡುವುದನ್ನು ಕುದುರೆಯ ದೇಹ ತಾನಾಗಿಯೇ ಮಾಡಿಕೊಳ್ಳುತ್ತದೆ.

ಎರಡನೆಯದು ಉಸಿರು. ಕುದುರೆಗೆ ಬಾಯಿಂದ ಉಸಿರಾಡಲು ಬರುವುದಿಲ್ಲ, ಮೂಗೇ ಗತಿ. ನಾಗಾಲೋಟದಲ್ಲಿ ಒಂದು ನೆಗೆತಕ್ಕೆ ಒಂದು ಉಸಿರು, ಲಯ ತಪ್ಪುವಂತಿಲ್ಲ. ಹಾಗಾಗಿ ಮೊದಲ ಮೈಲಿಯಲ್ಲೇ ಕಡಿವಾಣ ಕಚ್ಚಿಕೊಂಡು ಸವಾರನೊಡನೆ ಎಳೆದಾಡುವ ಕುದುರೆ ಎಷ್ಟೇ ಬಲಶಾಲಿಯಾದರೂ ಕೊನೆಯಲ್ಲಿ ಕಂಗೆಡುತ್ತದೆ. ದೂರದೋಟದಲ್ಲಿ ಜಾಕಿಯ ಅರ್ಧ ಕೆಲಸ ಕುದುರೆಯನ್ನು ಓಡಿಸುವುದಲ್ಲ, ಅದನ್ನು ಸಮಾಧಾನದಲ್ಲಿಡುವುದು. ಮಕೈಬಿ ದಿವಾಳ ಮೂರೂ ಕಪ್ಪಿನಲ್ಲಿ ಮೇಲೆ ಕುಳಿತಿದ್ದವನು ಗ್ಲೆನ್ ಬಾಸ್ ಒಬ್ಬನೇ. ತರಬೇತುದಾರರು ಬದಲಾದರು, ಮೊದಲ ವರ್ಷ ಡೇವಿಡ್ ಹಾಲ್, ಆಮೇಲೆ ಲೀ ಫ್ರೀಡ್‌ಮನ್. ಸವಾರ ಬದಲಾಗಲಿಲ್ಲ.

ಮೂರನೆಯದು ವಂಶ. 2010ರಲ್ಲಿ ಡಬ್ಲಿನ್ನಿನ ಎಮಲೀನ್ ಹಿಲ್ ಮತ್ತು ಸಂಗಡಿಗರು ಸ್ನಾಯುವಿನ ಬೆಳವಣಿಗೆಗೆ ಲಗಾಮು ಹಾಕುವ ಮಯೋಸ್ಟ್ಯಾಟಿನ್ ಎಂಬ ಜೀನಿನಲ್ಲಿ ವ್ಯತ್ಯಾಸ ಕಂಡುಹಿಡಿದರು. ಒಂದು ಬಗೆಯ ಜೋಡಿ ಇದ್ದರೆ ಗಿಡ್ಡ ಓಟದ ದಪ್ಪ ಸ್ನಾಯುವಿನ ಕುದುರೆ, ಇನ್ನೊಂದು ಬಗೆಯ ಜೋಡಿ ಇದ್ದರೆ ದೂರಕ್ಕೆ ಒಗ್ಗುವ ಕುದುರೆ, ಎರಡೂ ಒಂದೊಂದು ಇದ್ದರೆ ಮಧ್ಯದ ದೂರ. ಜೀನು ಎಲ್ಲವನ್ನೂ ಹೇಳುವುದಿಲ್ಲ. ಆದರೆ ಗಿಡ್ಡ ಓಟದ ಜೋಡಿಯಿರುವ ಕುದುರೆಗೆ ಎಷ್ಟೇ ತರಬೇತಿ ಕೊಟ್ಟರೂ 3200 ಮೀಟರ್ ಗೆಲ್ಲಿಸುವುದು ಕಷ್ಟ.

ಸಕಲೇಶಪುರ ಘಾಟಿ

ಡಾಕ್ಟರಮ್ಮ, ಫಾರ್ ಲ್ಯಾಪ್ ಕುದುರೆಯ ಹೃದಯ ಇತರ ಕುದುರೆಗಳದ್ದಕ್ಕಿಂತ ದೊಡ್ಡದಿತ್ತು ಎನ್ನುತ್ತಾರೆ. ಅದೂ ದಂತಕಥೆಯೇ?

ಹಾಸನದ ಪಶುವೈದ್ಯೆ

ಇಲ್ಲ, ಹೃದಯ ಕ್ಯಾನ್‌ಬೆರಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. 6.2 ಕಿಲೋ. ಸಾಮಾನ್ಯವಾಗಿ ನಾಲ್ಕು ಕಿಲೋ ಆಸುಪಾಸು ಇರುತ್ತದೆ. ಅದರ ಚರ್ಮ ಮೆಲ್ಬರ್ನ್‌ನಲ್ಲಿ, ಅಸ್ಥಿಪಂಜರ ಹುಟ್ಟೂರಾದ ನ್ಯೂಜಿಲೆಂಡಿನಲ್ಲಿ. ಸತ್ತ ಮೇಲೂ ಮೂರು ಕಡೆ ಕೆಲಸ ಮಾಡುತ್ತಿದೆ ಪಾಪ.

ಹೊಳೆನರಸೀಪುರದ ಲೆಕ್ಕಿಗ

ಭಾರದ ಮಾತಿಗೆ ಫಾರ್ ಲ್ಯಾಪ್‌ಗಿಂತ ಒಳ್ಳೆಯ ಸಾಕ್ಷಿ ಬೇಡ. 1930ರಲ್ಲಿ 62.5 ಕಿಲೋ ಹೊತ್ತು ಮೆಲ್ಬರ್ನ್ ಕಪ್ ಗೆದ್ದಿತು. ಮರುವರ್ಷ 68 ಕಿಲೋ ಹೇರಿದರು. ಎಂಟನೆಯದಾಗಿ ಬಂತು. ಅದೇ ಕುದುರೆ, ಅದೇ ದೂರ. 1932ರಲ್ಲಿ ಮೆಕ್ಸಿಕೋಕ್ಕೆ ಹೋಗಿ ಆಗ್ವಾ ಕಾಲಿಯೆಂತೆ ಓಟ ಗೆದ್ದು, ಕೆಲವೇ ದಿನಗಳಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸತ್ತಿತು.

ಅಜ್ಜಂಪುರದವನು

ನೀವೆಲ್ಲ ಆಸ್ಟ್ರೇಲಿಯಾ, ಇಂಗ್ಲೆಂಡ್ ಸುತ್ತುತ್ತಿದ್ದೀರಿ. ದೂರದೋಟದ ಪ್ರಾಣಿ ನಮ್ಮ ಊರಿನಲ್ಲೇ ಮೇಯುತ್ತಿದೆ. ಅಮೃತ್ ಮಹಲ್ ದನದ ತಳಿ. ಮೈಸೂರು ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ದನ ಸಾಕುವ ಇಲಾಖೆಯನ್ನು ಟಿಪ್ಪು ಅಮೃತ್ ಮಹಲ್ ಎಂದು ಕರೆದ. ಹೈದರಾಲಿಯ ಸೈನ್ಯ ಇದೇ ಎತ್ತುಗಳನ್ನು ಕಟ್ಟಿಕೊಂಡು ಚಿದಂಬರದ ಕಡೆಗೆ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆಯಿತು ಎನ್ನುವುದು ಬ್ರಿಟಿಷರೇ ಬರೆದಿಟ್ಟ ಮಾತು. ಫಿರಂಗಿ ಎಳೆದುಕೊಂಡು! 58 ಕಿಲೋಗೆ ಇಷ್ಟು ಕುಣಿಯುತ್ತೀರಲ್ಲ.

ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರಕ್ಕೆ ಬಂದು ನೋಡಿ. ಬೂದು ಮೈ, ಹಿಂದಕ್ಕೆ ಬಾಗಿದ ಉದ್ದ ಕೊಂಬು, ಬಿಗಿದ ಹೊಟ್ಟೆ. ಹತ್ತಿರ ಹೋಗುವಾಗ ಮಾತ್ರ ಹುಷಾರು, ಅವು ಯಾರನ್ನೂ ಸುಲಭದಲ್ಲಿ ನಂಬುವುದಿಲ್ಲ.

ಬೇಲೂರಿನ ಸವಾರಿಣಿ

ಅಣ್ಣ, ಎತ್ತು ಓಡಿದ್ದಲ್ಲ, ನಡೆದದ್ದು. ಎಳೆಯ ವಿಷಯ ಓಟ.

ಅಜ್ಜಂಪುರದವನು

ನಮ್ಮ ಕಡೆ ಜೋಡೆತ್ತಿನ ಗಾಡಿ ಓಟ ನೋಡಿ ಆಮೇಲೆ ಹೇಳಮ್ಮ. 2023ರಲ್ಲಿ ಸುಪ್ರೀಂ ಕೋರ್ಟೇ ಅದಕ್ಕೂ ಕಂಬಳಕ್ಕೂ ಜಲ್ಲಿಕಟ್ಟಿಗೂ ದಾರಿ ಬಿಟ್ಟಿದೆ.

ಹಳೇಬೀಡು ಗೈಡ್

ಹೊಯ್ಸಳೇಶ್ವರನ ಗುಡಿಯ ಗೋಡೆಯ ಬುಡ ನೋಡಿ. ತಳದಲ್ಲಿ ಆನೆ, ಮೇಲೆ ಸಿಂಹ, ಬಳ್ಳಿ, ಆಮೇಲೆ ಸಾಲುಗಟ್ಟಿ ಕುದುರೆ ಸವಾರರು. ಒಂಬತ್ತು ಶತಮಾನದಿಂದ ಗುಡಿ ಸುತ್ತುತ್ತಿದ್ದಾರೆ, ಒಬ್ಬನೂ ಇಳಿದಿಲ್ಲ. ನನ್ನ ಮತ ಅವರಿಗೆ.

ಬೇಲೂರಿನ ಸವಾರಿಣಿ

ತಮಾಷೆ ಸಾಕು, ನಾನು ಕಿಪ್ರಿಯಾಸ್ ಎಂಬ ಕುದುರೆಯ ಪರ. ನೀವಿಬ್ಬರೂ ನಾಲ್ಕು, ಮೂರು ಎಂದು ಎಣಿಸುತ್ತಿದ್ದೀರಿ. ಕುದುರೆ ಬಿದ್ದು ಎದ್ದದ್ದನ್ನು ಯಾರು ಎಣಿಸುತ್ತಾರೆ?

2022ರಲ್ಲಿ ಆಸ್ಕಟ್ ಗೋಲ್ಡ್ ಕಪ್ ಗೆದ್ದ. ಅದೇ ವರ್ಷ ಪ್ಯಾರಿಸ್ಸಿನಲ್ಲಿ 4000 ಮೀಟರಿನ ಕಾಡ್ರಾನ್ ಓಟ. ಆ ವಿಡಿಯೋ ಸಿಕ್ಕರೆ ನೋಡಿ. ಕೊನೆಯ ನೇರ ದಾರಿಯಲ್ಲಿ ಎಲ್ಲರನ್ನೂ ಬಿಟ್ಟು ಮುಂದೆ ಬಂದವನು ನೆಟ್ಟಗೆ ಓಡದೆ ಮೈದಾನದ ಅಡ್ಡಕ್ಕೆ ಸರಿಯುತ್ತ ಹೋಗುತ್ತಾನೆ. ಸವಾರ ರಯಾನ್ ಮೂರ್ ತಿದ್ದಲು ನೋಡುತ್ತಾನೆ, ಕುದುರೆಗೆ ಅದರ ಗೊಡವೆಯಿಲ್ಲ. ಕ್ಯಾಮೆರಾದವನು ಎರಡೂ ಕಡೆಯನ್ನು ಒಂದೇ ಚೌಕಟ್ಟಿನಲ್ಲಿ ಹಿಡಿಯಲು ಒದ್ದಾಡುತ್ತಾನೆ. ಅಷ್ಟು ಅಡ್ಡಾದಿಡ್ಡಿ ಓಡಿಯೂ ಗೆದ್ದದ್ದು ಇಪ್ಪತ್ತು ಕುದುರೆಯುದ್ದದಿಂದ.

2023ರಲ್ಲಿ ಕಾಲಿನ ಕೀಲಿಗೆ ಸೋಂಕು. ಬದುಕಿದರೆ ಸಾಕು ಎಂಬ ಸ್ಥಿತಿ. ವರ್ಷದ ಕೊನೆಗೆ ಮರಳಿ ಬಂದಾಗ ಆಸ್ಕಟ್‌ನಲ್ಲಿ ಟ್ರಾಲರ್‌ಮ್ಯಾನ್ ಎಂಬ ಕುದುರೆ ಕೂದಲೆಳೆಯಲ್ಲಿ ಸೋಲಿಸಿತು. 2024ರ ಜೂನಿನಲ್ಲಿ ಅದೇ ಮೈದಾನದಲ್ಲಿ, ಅದೇ ಟ್ರಾಲರ್‌ಮ್ಯಾನ್‌ನನ್ನು ಒಂದುದ್ದದಿಂದ ಹಿಂದೆ ಹಾಕಿ ಎರಡನೆಯ ಗೋಲ್ಡ್ ಕಪ್. ಆ ವರ್ಷ ಏಳು ಓಟ, ಏಳೂ ಗೆಲುವು. ಕೀಲು ಕೆಟ್ಟ ಕುದುರೆ 4000 ಮೀಟರ್ ಗೆಲ್ಲುವುದಕ್ಕೂ ಗಟ್ಟಿಮುಟ್ಟಾದ ಕುದುರೆ ನಾಲ್ಕು ಸಲ ಗೆಲ್ಲುವುದಕ್ಕೂ ವ್ಯತ್ಯಾಸವಿಲ್ಲವೇ?

ಸಕಲೇಶಪುರ ಘಾಟಿ

ಅನುಕಂಪದ ಮತ ಚುನಾವಣೆಗೆ ಸರಿ. 2025ರ ಗೋಲ್ಡ್ ಕಪ್ ಆ ಟ್ರಾಲರ್‌ಮ್ಯಾನ್ ಗೆದ್ದ, ಗೊತ್ತಲ್ಲ? ಯೀಟ್ಸ್‌ನ ಕಾಲದಲ್ಲಿ ನಾಲ್ಕು ವರ್ಷ ಯಾರಿಗೂ ಆ ಅವಕಾಶ ಸಿಗಲಿಲ್ಲ. ಆಸ್ಕಟ್‌ನಲ್ಲಿ ಅವನದೇ ಪ್ರತಿಮೆ ನಿಲ್ಲಿಸಿದ್ದಾರೆ.

ಮೂಡಿಗೆರೆ ತೋಟಿಗ

ಪ್ರತಿಮೆಯ ಮಾತಾದರೆ ಮಕೈಬಿ ದಿವಾಗೂ ಇದೆ, ಪೋರ್ಟ್ ಲಿಂಕನ್ ಎಂಬ ಮೀನುಗಾರರ ಊರಿನಲ್ಲಿ. ಅವಳ ಒಡೆಯ ಟೋನಿ ಸಾಂಟಿಕ್ ಅಲ್ಲಿ ಟ್ಯೂನಾ ಮೀನಿನ ವ್ಯಾಪಾರಿ. ತನ್ನ ಕಚೇರಿಯ ಐವರು ಹೆಂಗಸರ ಹೆಸರಿನ ಮೊದಲ ಎರಡೆರಡು ಅಕ್ಷರ ಜೋಡಿಸಿ ಹೆಸರಿಟ್ಟ. ಅರಬ್ ಶೇಖರೂ ಐರ್ಲೆಂಡಿನ ಕೋಟ್ಯಧಿಪತಿಗಳೂ ಆಳುವ ಕ್ಷೇತ್ರದಲ್ಲಿ ಇದು ನನಗೆ ಇಷ್ಟವಾಗುವ ಸಂಗತಿ.

ಮೂರನೆಯ ಕಪ್ ಓಡಿದ ದಿನ 2005ರ ನವೆಂಬರ್ 1, ಮಂಗಳವಾರ. ನಮಗೆ ರಾಜ್ಯೋತ್ಸವ, ಮೇಲೆ ದೀಪಾವಳಿ. ಅಲ್ಲಿ ಮಧ್ಯಾಹ್ನ ಮೂರು ದಾಟಿದ್ದಾಗ ಇಲ್ಲಿ ಬೆಳಿಗ್ಗೆ ಒಂಬತ್ತೂವರೆಯ ಸುಮಾರು. ತೋಟದಲ್ಲಿ ಆಳುಗಳಿಲ್ಲ, ಮನೆಯಲ್ಲಿ ಎಣ್ಣೆ ಸ್ನಾನದ ಗಡಿಬಿಡಿ. ಓಟವನ್ನು ನಾನು ನೋಡಿದ್ದು ಎಷ್ಟೋ ಕಾಲದ ಮೇಲೆ, ಮೊಬೈಲಿನಲ್ಲಿ. ತಿರುವಿನವರೆಗೂ ಅವಳು ಗುಂಪಿನೊಳಗೇ ಇದ್ದಾಳೆ, ಹುಡುಕಬೇಕು. ಫ್ಲೆಮಿಂಗ್ಟನ್ ಮೈದಾನದ ಕೊನೆಯ ನೇರ ದಾರಿ ಸುಮಾರು 450 ಮೀಟರ್. ಅಲ್ಲಿ ಜಾಗ ಸಿಕ್ಕಿದ್ದೇ ತಡ, ಬಾಸ್ ಬಿಟ್ಟ. ಫಲಿತಾಂಶ ಗೊತ್ತಿದ್ದೂ ಹಿಂದಿನಿಂದ ಬರುತ್ತಿದ್ದ ಆನ್ ಎ ಜೂನ್ ಹಿಡಿದುಬಿಡುತ್ತದೆ ಎಂದು ಎದೆ ಹೊಡೆದುಕೊಳ್ಳುತ್ತದೆ.

ಇನ್ನೊಂದು. ಅದಕ್ಕೆ ಹತ್ತು ದಿನ ಮೊದಲು ಅವಳು 2040 ಮೀಟರಿನ ಕಾಕ್ಸ್ ಪ್ಲೇಟ್ ಗೆದ್ದಿದ್ದಳು. ಆಸ್ಟ್ರೇಲಿಯಾದ ಅತಿ ಚುರುಕಿನ ಮಧ್ಯದೂರದ ಓಟ ಅದು. ಯೀಟ್ಸ್ ಎರಡು ಸಾವಿರ ಮೀಟರಿನಲ್ಲಿ ಆ ಮಟ್ಟದ ಓಟ ಗೆದ್ದದ್ದು ಇದ್ದರೆ ತೋರಿಸಿ, ಘಾಟಿಯವರೇ.

ಅರಕಲಗೂಡು ತಕರಾರು

ಎಲ್ಲರೂ ಹೂವಿನ ಹಾರ ಹಾಕಿಯಾಯಿತೇ? ಹಾಗಾದರೆ ನೀರಿನ ಕತೆಯನ್ನೂ ಹೇಳಿ. 2005ರಲ್ಲಿ ನೆಲ ಗಟ್ಟಿಯಿದ್ದರೆ ಕುದುರೆಯನ್ನು ಓಡಿಸುವುದಿಲ್ಲ ಎಂದು ಒಡೆಯನ ಕಡೆಯವರು ಮೊದಲೇ ಹೇಳಿದ್ದರು. ಮೈದಾನಕ್ಕೆ ನೀರು ಹಾಯಿಸಲಾಯಿತು, ಅದರ ಬಗ್ಗೆ ರಗಳೆಯೂ ಆಯಿತು. ಒಂದು ಕುದುರೆಗಾಗಿ ಇಡೀ ಮೈದಾನ ನೆನೆಸುವುದು ಯಾವ ನ್ಯಾಯ?

ಮೂಡಿಗೆರೆ ತೋಟಿಗ

ನೀರು ಇಪ್ಪತ್ತನಾಲ್ಕು ಕುದುರೆಗಳ ಕಾಲಡಿಗೂ ಬಿತ್ತು. 58 ಕಿಲೋ ಮಾತ್ರ ಎಲ್ಲರ ಬೆನ್ನಿಗೂ ಬೀಳಲಿಲ್ಲ.

ಅರಕಲಗೂಡು ತಕರಾರು

ಮಾತು ಚೆನ್ನಾಗಿದೆ, ಉತ್ತರವಲ್ಲ. ಗಟ್ಟಿ ನೆಲವೇ ಬೇಕಿದ್ದ ಕುದುರೆಗಳು ಆ ಗುಂಪಿನಲ್ಲಿ ಇರಲಿಲ್ಲವೇ? ನೆಲದ ಹದ ಬದಲಾದರೆ ಅರ್ಧ ಓಟ ಬದಲಾಗುತ್ತದೆ.

ಹಾಸನದ ಪಶುವೈದ್ಯೆ

ನೀರಿನ ವಿಷಯದಲ್ಲಿ ನಾನು ನೀರು ಬಿಟ್ಟವರ ಪರ. ಗಟ್ಟಿ ನೆಲದ ಮೇಲೆ ಅರ್ಧ ಟನ್ ತೂಕದ ಪ್ರಾಣಿ ಓಡುವಾಗ ಒಂದೊಂದು ಕ್ಷಣ ಒಂದೇ ಕಾಲಿನ ಮೇಲೆ ದೇಹದ ತೂಕದ ಎರಡುಪಟ್ಟಿಗೂ ಹೆಚ್ಚು ಒತ್ತಡ ಬೀಳುತ್ತದೆ. 2020ರ ಮೆಲ್ಬರ್ನ್ ಕಪ್ಪಿನಲ್ಲಿ, ಹಿಂದಿನ ವರ್ಷ ಇಂಗ್ಲೆಂಡಿನ ಡರ್ಬಿ ಗೆದ್ದಿದ್ದ ಆಂಥೊನಿ ವ್ಯಾನ್ ಡೈಕ್ ಕಾಲು ಮುರಿದುಕೊಂಡು ಸತ್ತಿತು. ಅದಾದ ಮೇಲೆ ಹೊರದೇಶದಿಂದ ಬರುವ ಕುದುರೆಗಳ ಕಾಲುಗಳನ್ನು ಸ್ಕ್ಯಾನ್ ಮಾಡಿಸುವುದು ಕಡ್ಡಾಯವಾಯಿತು. ದಾಖಲೆಯ ಮಾತನಾಡುವಾಗ ಇದನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು. ಮೂರನೆಯ ಕಪ್ ಗೆದ್ದ ದಿನವೇ ಮಕೈಬಿ ದಿವಾಳನ್ನು ನಿವೃತ್ತಿ ಮಾಡಿದರು. ಆ ನಿರ್ಧಾರಕ್ಕೂ ಒಂದು ಪದಕ ಕೊಡಬಹುದು.

ಕೊಪ್ಪದ ರಾಯರು

ನಾನು ಹೇಳಿದ್ದನ್ನೇ ಡಾಕ್ಟರಮ್ಮ ಸಂಸ್ಕೃತದಲ್ಲಿ ಹೇಳುತ್ತಿದ್ದಾರೆ.

ಹಾಸನದ ಪಶುವೈದ್ಯೆ

ಇಲ್ಲ ರಾಯರೇ. ನಿಮ್ಮ ಚಿಂತೆ ಮನುಷ್ಯನದು, ನನ್ನದು ಕುದುರೆಯದು.

ಬಾಳೆಹೊನ್ನೂರು ಹೊಸಬ

ಒಂದು ಅನುಮಾನ. ನಮ್ಮ ದೇಶದಲ್ಲಿ ಇಂಥ ದೂರದ ಓಟ ಏಕಿಲ್ಲ? ಬೆಂಗಳೂರಿನ ಪಟ್ಟಿ ನೋಡಿದರೆ ಬರೀ 1200, 1400 ಮೀಟರ್.

ಕುಣಿಗಲ್ ದಾಟಿ ಹಾಸನ

ಇಲ್ಲದೇ ಇಲ್ಲ. ಪುಣೆಯ ಇಂಡಿಯನ್ ಸೇಂಟ್ ಲೆಜರ್ 2800 ಮೀಟರ್. ಮುಂಬೈಯ ಇಂಡಿಯನ್ ಡರ್ಬಿ 2400. ಅದರಾಚೆಗಿನ ಓಟ ಅಪರೂಪ.

ಕಾರಣ ದುಡ್ಡು. (ತೋಟಿಗರು ಕ್ಷಮಿಸಬೇಕು, ಇದು ಬೇರೆ ದುಡ್ಡು.) ಮರಿ ಕೊಂಡವನಿಗೆ ಎರಡನೆಯ ವರ್ಷವೇ ಕುದುರೆ ಓಡಬೇಕು, ಖರ್ಚು ಹುಟ್ಟಬೇಕು. ದೂರದೋಟದ ಕುದುರೆ ಬಲಿಯುವುದು ನಾಲ್ಕು, ಐದನೆಯ ವರ್ಷಕ್ಕೆ. ಯೀಟ್ಸ್ ನಾಲ್ಕನೆಯ ಗೋಲ್ಡ್ ಕಪ್ ಗೆದ್ದಾಗ ಅದಕ್ಕೆ ಎಂಟು ವರ್ಷ. ಅಲ್ಲಿಯವರೆಗೆ ಮೇವು, ಲಾಯ, ತರಬೇತಿಯ ಖರ್ಚು ಯಾರು ಹೊರುತ್ತಾರೆ?

ಓಟ ಮುಗಿದ ಮೇಲೂ ಅದೇ ಪಾಡು. ತಳಿಗೆ ಎಲ್ಲರೂ ಕೇಳುವುದು ವೇಗದ ಗಂಡನ್ನು. ಯೀಟ್ಸ್‌ನನ್ನೂ, 1998 ಮತ್ತು 2000ದಲ್ಲಿ ಗೋಲ್ಡ್ ಕಪ್ ಗೆದ್ದ ಕೇಫ್ ತಾರಾನನ್ನೂ ಕೊನೆಗೆ ಬಳಸಿದ್ದು ಬೇಲಿ ಹಾರುವ ಓಟದ ಕುದುರೆಗಳನ್ನು ಹುಟ್ಟಿಸಲು. ಬ್ರಿಟನ್, ಐರ್ಲೆಂಡಿನಲ್ಲಿ ಆ ಓಟಕ್ಕೆ ದೊಡ್ಡ ಮಾರುಕಟ್ಟೆ ಇದೆ. ನಮ್ಮಲ್ಲಿ ಆ ಓಟವೇ ಇಲ್ಲದ ಮೇಲೆ ಅಂಥ ಗಂಡುಕುದುರೆಯನ್ನು ಕಟ್ಟಿಕೊಂಡು ಏನು ಮಾಡುವುದು? ಟಿಪ್ಪು ಕಾಲದಿಂದ ಕುದುರೆ ಸಾಕಿದ ಕುಣಿಗಲ್ ಫಾರಂ ಇದೇ ಹಾಸನದ ಹಾದಿಯಲ್ಲಿದೆ. ಸೈನ್ಯಕ್ಕೆ ಬೇಕಿದ್ದದ್ದು ದಿನವಿಡೀ ನಡೆಯುವ ಕುದುರೆ, ರೇಸಿಗೆ ಬೇಕಾದದ್ದು ಒಂದೂವರೆ ನಿಮಿಷ ಸಿಡಿಯುವ ಕುದುರೆ. ಕೊಳ್ಳುವವನು ಬದಲಾದರೆ ತಳಿಯೂ ಬದಲಾಗುತ್ತದೆ.

ಆಸ್ಟ್ರೇಲಿಯಾದ್ದೂ ಇದೇ ಕತೆ. ಅವರು ಸಾಕುವುದು 1200 ಮೀಟರಿನ ಗೋಲ್ಡನ್ ಸ್ಲಿಪ್ಪರ್ ಓಟಕ್ಕೆ. ಕಪ್ಪಿಗೆ ಬೇಕಾದ ಕುದುರೆಗಳನ್ನು ಯುರೋಪಿನಿಂದ ತರಿಸುತ್ತಾರೆ. ಮಕೈಬಿ ದಿವಾ ಹುಟ್ಟಿದ್ದೂ ಇಂಗ್ಲೆಂಡಿನಲ್ಲೇ.

ಅಜ್ಜಂಪುರದವನು

ಟ್ರ್ಯಾಕ್ಟರ್ ಬಂದ ಮೇಲೆ ಅಮೃತ್ ಮಹಲ್‌ಗೂ ಆದದ್ದು ಇದೇ. ಹಾಲು ಕಡಿಮೆ, ಉಳುಮೆಗೆ ಬೇಡ. ಯಾರಿಗೆ ಬೇಕು ಹೇಳಿ?

ಬೇಲೂರಿನ ಸವಾರಿಣಿ

ಈ ಸಲ ಅಣ್ಣನ ಮಾತು ಎಳೆಗೆ ಸರಿಯಾಗಿ ಕೂತಿತು.

ಕಳಸ ಎಸ್ಟೇಟ್

ನಮ್ಮ ಬಂಗಲೆಯ ಹಿಂದೆ ದೊರೆಗಳ ಕಾಲದ ಲಾಯ ಇನ್ನೂ ಇದೆ. ಕಲ್ಲಿನ ಮೇವಿನ ತೊಟ್ಟಿ, ಗೋಡೆಯಲ್ಲಿ ಕುದುರೆ ಕಟ್ಟುವ ಕಬ್ಬಿಣದ ಬಳೆಗಳು, ನೆಲಕ್ಕೆ ನೀರು ಹರಿದುಹೋಗಲು ಕೊರೆದ ಕಾಲುವೆ. ಈಗ ಒಳಗೆ ಮೆಣಸಿನ ಮೂಟೆ. ಬಳೆಗೆ ತೂಕದ ಕೊಕ್ಕೆ ನೇತು ಹಾಕಿದ್ದೇವೆ. ವಿಷಯಕ್ಕೆ ಸಂಬಂಧವಿಲ್ಲ, ನೆನಪಾಯಿತು, ಬರೆದೆ.

ಹೊಳೆನರಸೀಪುರದ ಲೆಕ್ಕಿಗ

ಒಬ್ಬರೂ ಹೇಳದ ಹೆಸರೊಂದು. ಮಿಷೆಲ್ ಪೇನ್. 2015ರಲ್ಲಿ ಪ್ರಿನ್ಸ್ ಆಫ್ ಪೆನ್ಜಾನ್ಸ್ ಮೇಲೆ ಕುಳಿತು ಮೆಲ್ಬರ್ನ್ ಕಪ್ ಗೆದ್ದ ಮೊದಲ ಮಹಿಳಾ ಜಾಕಿ. ಬಾಜಿಯ ದರ ಒಂದಕ್ಕೆ ನೂರು. ಕುದುರೆ ದೊಡ್ಡದಲ್ಲ, ಓಟ ದೊಡ್ಡದು.

ಸಕಲೇಶಪುರ ಘಾಟಿ

ತೋಟಿಗರ ಸವಾಲಿಗೆ ಉತ್ತರ: ಯೀಟ್ಸ್ 2005ರಲ್ಲಿ ಕಾರೊನೇಷನ್ ಕಪ್ ಗೆದ್ದಿದೆ, ಎಪ್ಸಮ್‌ನಲ್ಲಿ, ಸುಮಾರು 2400 ಮೀಟರ್, ಮೊದಲ ದರ್ಜೆ. ಎರಡು ಸಾವಿರ ಅಲ್ಲ ಎಂದು ಕೂದಲು ಸೀಳಬೇಡಿ.

ಮೂಡಿಗೆರೆ ತೋಟಿಗ

ಸೀಳುತ್ತೇನೆ. 400 ಮೀಟರ್ ಕಡಿಮೆಯೇನಲ್ಲ.

ಬಾಳೆಹೊನ್ನೂರು ಹೊಸಬ

ಸೇಂಟ್ ಲೆಜರ್ ನೋಡಲು ಪುಣೆಗೆ ಯಾರಾದರೂ ಹೋಗುವುದಿದ್ದರೆ ನಾನೂ ಬರುತ್ತೇನೆ.

ಕುಣಿಗಲ್ ದಾಟಿ ಹಾಸನ

ಅರಸೀಕೆರೆಯಲ್ಲಿ ಹತ್ತಿದರೆ ಪುಣೆಗೆ ನೇರ ರೈಲಿದೆ. ಮಲಗುವ ಬೋಗಿ ಬೇಗ ತುಂಬುತ್ತದೆ, ಓಟದ ದಿನಾಂಕ ಪ್ರಕಟವಾದೊಡನೆ ಟಿಕೆಟ್ ಮಾಡಿಸಬೇಕು. ಬರುವವರು ಇಲ್ಲೇ ಹೆಸರು ಹಾಕಿ.

ಬೇಲೂರಿನ ಸವಾರಿಣಿ

ನನ್ನದೊಂದು ಸೇರಿಸಿ.

ಕೊಪ್ಪದ ರಾಯರು

ಓಟ ನೋಡಲು ಮಾತ್ರ ಎಂದಾದರೆ ನನಗೂ ಒಂದು ಕೆಳಗಿನ ಬರ್ತ್ ನೋಡಿ.